ಮಾರಿ ತೊಳಕೊಂಡ ಬರ್ತೀನಿ, ತಡೀ

ಚಿಕ್ಕೋಡಿಯ ಬಸ್ ನಿಲ್ದಾಣದಿಂದ ಹೊರಬಿದ್ದು ಪೇಟೆಯ ಕಡೆ ನಡೆದರೆ ರಸ್ತೆಯ ಬದಿಗೆ ತೊಪ್ಪಲು ಪಲ್ಲೆಯವರು ಸಾಲಾಗಿ ಕೂತಿರುತ್ತಾರೆ. ಆ ಸಾಲಿನ ಕೊನೆಗೆ ಗೋಣಿಚೀಲ ಹಾಸಿಕೊಂಡು ಒಬ್ಬ ಅಜ್ಜಿ ಮೆಂತ್ಯದ ಸೂಡು ಕಟ್ಟುತ್ತಿದ್ದಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಅವಳ ಕೆನ್ನೆಯ ಗೆರೆಗಳೆಲ್ಲ ಆಗಷ್ಟೇ ರಂಟೆ ಹೊಡೆದ ಹೊಲದಂತೆ ಎದ್ದು ಕಾಣುತ್ತಿದ್ದವು. ಬೆರಳಿಗೆ ಹಸಿಮಣ್ಣು, ಸೆರಗಿನ ಅಂಚಿಗೆ ಇಬ್ಬನಿ. “ಆಯಿ, ನಿಂದೊಂದ ಫೋಟೋ ತಗೀಲಿ?” ಎಂದು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, “ತಗೀವಂತಿ, ತಡೀ. ಮಾರಿ ತೊಳಕೊಂಡ ಬರ್ತೀನಿ. ಪಲ್ಲೆ ನೋಡಕೋತ ಕೂಡು” ಎಂದವಳೇ ಎದ್ದು ಹೋದಳು.

ನಾನು ಪಲ್ಲೆ ನೋಡಿಕೊಂಡು ಕೂತೆ. ಅಷ್ಟರಲ್ಲಿ ಎರಡು ಸೂಡು ಮಾರಾಟವೂ ಆದವು, ದರ ಪಕ್ಕದವಳು ಹೇಳಿಕೊಟ್ಟಳು. ಅಜ್ಜಿ ತಿರುಗಿ ಬಂದಾಗ ಮುಖ ತೊಳೆದಿದ್ದಳು, ಕುಂಕುಮ ತಿದ್ದಿದ್ದಳು, ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ಸರಿಸಿ ತಲೆತುಂಬ ಸೆರಗು ಹೊದ್ದಿದ್ದಳು. ಮೆಂತ್ಯವನ್ನು ಬದಿಗೆ ಸರಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು, ಉಸಿರು ಹಿಡಿದು ನನ್ನನ್ನೇ ನೋಡಿದಳು. ಮಣ್ಣು, ಇಬ್ಬನಿ, ಬಾಗಿದ ಕತ್ತು ಎಲ್ಲ ಹೋಗಿತ್ತು. ಕ್ಲಿಕ್ಕಿಸಿ ಕ್ಯಾಮೆರಾದ ಹಿಂದಿನ ಪರದೆ ತೋರಿಸಿದೆ. ಬಹಳ ಹೊತ್ತು ನೋಡಿದಳು. “ಕಾಲ ಎಲ್ಲಿ ಅದಾವ?” ಎಂದಳು. ಎದೆಯ ತನಕ ಮಾತ್ರ ತೆಗೆದಿದ್ದೇನೆ ಎಂದೆ. “ಅರ್ಧಾ ಯಾಕ ತಗದಿ? ನಾ ಏನ್ ಅರ್ಧಾ ಅದೀನೇನ?”

ಆ ಮಾತು ನನ್ನನ್ನು ಬಿಟ್ಟಿಲ್ಲ. ರಜೆ ಸಿಕ್ಕಾಗಲೆಲ್ಲ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬೀದಿಗಳಲ್ಲಿ ಗುರುತಿಲ್ಲದವರ ಮುಖ ತೆಗೆಯುತ್ತ ತಿರುಗುವವನು ನಾನು. ನಿಪ್ಪಾಣಿ ಮೊದಲು ಚಿಕ್ಕೋಡಿಯೊಳಗಿತ್ತು, ಕಾಗವಾಡ ಅಥಣಿಯೊಳಗಿತ್ತು, ಈಚೆಗೆ ಎರಡೂ ಬೇರೆ ತಾಲೂಕುಗಳಾದವು. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡ ಕರಿನೆಲ, ಕಣ್ಣು ಹಾಯುವಷ್ಟು ದೂರ ಕಬ್ಬು. ಈ ಊರುಗಳ ಜನ ನನಗೆ ಫೋಟೋ ತೆಗೆಯುವುದನ್ನು ಕಲಿಸಿದ್ದಾರೆ. ಯಂತ್ರ ನಡೆಸುವುದನ್ನು ಬೇರೆಯವರಿಂದ ಕಲಿತೆ, ಎಷ್ಟು ದೂರ ನಿಲ್ಲಬೇಕೆಂಬುದನ್ನು ಇವರಿಂದ.

“ಮಾರಿ” ಎಂದರೆ ನಮ್ಮ ಕಡೆ ಮುಖ. ಬೆಂಗಳೂರಿನ ಗೆಳೆಯರಿಗೆ ಈ ಶಬ್ದ ಕೇಳಿದರೆ ಗುಡಿಯ ದೇವತೆ ನೆನಪಾಗುತ್ತಾಳೆ, ನಮಗೆ ಮುಂಜಾನೆಯ ತಂಬಿಗೆ ನೀರು ನೆನಪಾಗುತ್ತದೆ. ಮಾರಿ ತೊಳೆದುಕೊಳ್ಳದೆ ದೇವರ ಮುಂದೆ ನಿಲ್ಲುವುದಿಲ್ಲ, ಬೀಗರ ಮುಂದೆ ಬರುವುದಿಲ್ಲ. ಹಾಗಿರುವಾಗ ಕ್ಯಾಮೆರಾದ ಮುಂದೆ ಯಾಕೆ ಬರಬೇಕು? ಸಹಜವಾಗಿರಿ, ಹೇಗಿದ್ದೀರೋ ಹಾಗೇ ಇರಿ ಎಂದು ಹೇಳುವುದು ಫೋಟೋಗ್ರಾಫರರ ರೂಢಿ. ನಾನೂ ಹೇಳುತ್ತಿದ್ದೆ. ಆದರೆ ಆ ಅಜ್ಜಿಗೆ ಮುಖ ತೊಳೆದುಕೊಳ್ಳುವುದೇ ಸಹಜ. ಮಣ್ಣುಗೈಯಲ್ಲಿ ಕೂತದ್ದು ಕೆಲಸದ ವೇಷ, ಅದು ಊರಿಗೆಲ್ಲ ಗೊತ್ತಿದ್ದದ್ದೇ. ಚಿತ್ರದಲ್ಲಿ ಉಳಿಯಬೇಕಾದದ್ದು ಬೇರೆ ಎಂದು ಅವಳು ನಿರ್ಧರಿಸಿದ್ದಳು, ಮತ್ತು ಆ ನಿರ್ಧಾರದ ಹಕ್ಕು ಅವಳದೇ ಆಗಿತ್ತು.

ನ್ಯೂಯಾರ್ಕಿನಲ್ಲಿ 2010ರಲ್ಲಿ ಬ್ರಾಂಡನ್ ಸ್ಟಾಂಟನ್ ಎಂಬಾತ ಬೀದಿಯಲ್ಲಿ ಸಿಕ್ಕವರ ಚಿತ್ರ ತೆಗೆಯುವ ಕೆಲಸ ಶುರುಮಾಡಿದ, ಮುಂದೆ ಅವರ ಮಾತನ್ನೂ ಜೊತೆಗಿಟ್ಟ. ಜಗತ್ತಿನ ಎಷ್ಟೋ ಊರುಗಳಲ್ಲಿ ಹುಡುಗರು ಅದನ್ನು ಕಂಡು ಕ್ಯಾಮೆರಾ ಹಿಡಿದರು. ನನಗೂ ಮೊದಲ ಹುಮ್ಮಸ್ಸು ಬಂದದ್ದು ಅಲ್ಲಿಂದಲೇ. ಆದರೆ ದೊಡ್ಡ ಶಹರದಲ್ಲಿ ಅಪರಿಚಿತ ಕೊನೆಯವರೆಗೂ ಅಪರಿಚಿತನಾಗಿ ಉಳಿಯಬಲ್ಲ. ಚಿಕ್ಕೋಡಿಯಲ್ಲಿ ಅವನ ಆಯುಷ್ಯ ಮೂರು ನಿಮಿಷ. “ಯಾವೂರ್ರೀ?” ಎಂದು ಶುರುವಾಗುತ್ತದೆ. “ಅಡ್ಡಹೆಸರೇನು?” ಎಂದು ಮುಂದುವರಿಯುತ್ತದೆ. ನಾನು ಹೇಳಿದ ಊರಲ್ಲಿ ಅವರ ಅಕ್ಕನ ಮಗಳನ್ನು ಕೊಟ್ಟಿರುತ್ತಾರೆ, ಇಲ್ಲವೇ ಅಲ್ಲಿಂದ ಒಂದು ಜೋಡಿ ಎತ್ತು ತಂದಿರುತ್ತಾರೆ. ನಾನು ಕ್ಯಾಮೆರಾದ ಮುಚ್ಚಳ ತೆಗೆಯುವ ಹೊತ್ತಿಗೆ ನಾವಿಬ್ಬರೂ ದೂರದ ಬಳಗವಾಗಿ ಬಿಟ್ಟಿರುತ್ತೇವೆ. ಬಳಗದವನ ಮುಂದೆ ಮುಖ ಬಿಗಿಯುವುದಿಲ್ಲ. ಬೆಳಕು, ಲೆನ್ಸು, ಕೋನ ಯಾವುದೂ ಮಾಡದ ಕೆಲಸವನ್ನು ಅಡ್ಡಹೆಸರಿನ ಪ್ರಶ್ನೆ ಮಾಡಿಕೊಡುತ್ತದೆ.

ಭಾಷೆ ಕೂಡ ಎರಡು ಕೈಗಳಿದ್ದಂತೆ. ಚಿಕ್ಕೋಡಿ, ರಾಯಬಾಗಗಳಲ್ಲಿ “ಫೋಟೋ ತಗೀಲಿ?” ಎಂದರೆ ಸಾಕು. ನಿಪ್ಪಾಣಿಯ ಓಣಿಗಳಲ್ಲಿ “ಫೋಟೋ ಕಾಢೂ ಕಾ?” ಎಂದೇ ಕೇಳುತ್ತೇನೆ. “ಕಶಾಲಾ?” ಎಂದು ಬರುತ್ತದೆ ಉತ್ತರ, ಯಾತಕ್ಕೆ ಎಂದು. ಕನ್ನಡದ “ತೆಗೆ” ಮತ್ತು ಮರಾಠಿಯ “ಕಾಢ” ಎರಡಕ್ಕೂ ಒಳಗಿನಿಂದ ಹೊರಕ್ಕೆ ಎಳೆಯುವ ಅರ್ಥವಿದೆ. ಬಾವಿಯಿಂದ ನೀರು ತೆಗೆದ ಹಾಗೆ, ಕಾಲಿನ ಮುಳ್ಳು ತೆಗೆದ ಹಾಗೆ. ಯಾತಕ್ಕೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ನ್ಯಾಯ. ನನ್ನದೊಂದು ವಸ್ತುವನ್ನು ತೆಗೆದು ಒಯ್ಯುತ್ತೀಯಲ್ಲ, ಎಲ್ಲಿಗೆ? ಬಹಳ ದಿನ ನಾನು “ಸುಮ್ಮನೆ” ಎನ್ನುತ್ತಿದ್ದೆ. ಅದು ಉತ್ತರವಲ್ಲ. ಈಗ “ಮುಂದಿನ ಸಂತೆಗೆ ತಂದು ಕೊಡುತ್ತೇನೆ” ಎನ್ನುತ್ತೇನೆ. ಹೇಳಿದ ಮೇಲೆ ತರಲೇಬೇಕು.

ಸಂತೆಯ ಬೆಳಕಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಅರ್ಧ ಜೀವ ಅದರಲ್ಲಿದೆ. ಮಧ್ಯಾಹ್ನ ಎಲ್ಲರೂ ತಾಡಪತ್ರಿ ಕಟ್ಟಿಕೊಂಡಿರುತ್ತಾರೆ. ನೀಲಿ ತಾಡಪತ್ರಿಯ ಕೆಳಗೆ ಮನುಷ್ಯರ ಮುಖ ನೀಲಿ, ಟೊಮೆಟೊ ನೇರಳೆ. ಹಳದಿಯ ಕೆಳಗೆ ಎಲ್ಲರಿಗೂ ಕಾಮಾಲೆ ಬಂದಂತೆ. ಯಂತ್ರದಲ್ಲಿ ಬಣ್ಣ ಎಷ್ಟು ತಿದ್ದಿದರೂ ಚರ್ಮ ತನ್ನ ಬಣ್ಣಕ್ಕೆ ಬರುವುದಿಲ್ಲ. ಅದಕ್ಕೆ ಉಪಾಯವೊಂದೇ: ಕೂತವರನ್ನು ಒಂದು ಗೇಣು ಮುಂದಕ್ಕೆ ಸರಿಯಲು ಕೇಳುವುದು. ತಲೆಯ ಮೇಲೆ ನೆರಳು ಇದ್ದೇ ಇರುತ್ತದೆ, ಮುಖಕ್ಕೆ ಬೀದಿಯ ಬಿಳಿ ಬೆಳಕು ಸಿಗುತ್ತದೆ. ಗಂಡಸರಾದರೆ ಇನ್ನೂ ಅನುಕೂಲ. ಮಡಚಿದ ಮೊಣಕಾಲ ಮೇಲೆ ಹರಡಿದ ಧೋತರ ಬಿಸಿಲನ್ನು ಹಿಡಿದು ಕೆಳಗಿನಿಂದ ಗದ್ದಕ್ಕೆ, ಕಣ್ಣ ಗುಳಿಗೆ ಮೆತ್ತಗೆ ಎರಚುತ್ತದೆ. ಯಾವ ಸ್ಟುಡಿಯೊದಲ್ಲೂ ಅಂಥ ಬೆಳಕು ನನಗೆ ಸಿಕ್ಕಿಲ್ಲ. ಬಿಳಿ ಪಟಗಾ, ಬಿಳಿ ಧೋತರ, ನಡುವೆ ಆ ಕಪ್ಪು ಮುಖ. ಉಳ್ಳಾಗಡ್ಡಿ ಮಾರುವ ಮುದುಕನೂ ಅಲ್ಲಿ ಅರಸನಂತೆ ಕಾಣುತ್ತಾನೆ.

ಒಮ್ಮೆ ತಪ್ಪು ಮಾಡಿದೆ. ಒಂದು ಪೇಟೆಯಲ್ಲಿ ಚೀಲಗಳಿಗೆ ಒರಗಿ ಬಾಯಿ ತೆರೆದು ಮಲಗಿದ್ದ ಒಬ್ಬ ಹಮಾಲನ ಚಿತ್ರವನ್ನು ಕೇಳದೆ ತೆಗೆದೆ. ಚಿತ್ರ ಚೆನ್ನಾಗಿ ಬಂದಿತ್ತು. ನೋಡಿದವರೆಲ್ಲ ದಣಿವಿನ ಚಿತ್ರವೆಂದು ಹೊಗಳಿದರು. ಅದರ ಒಂದು ಪ್ರತಿಯನ್ನು ಅವನಿಗೆ ಒಯ್ದು ಕೊಟ್ಟಾಗ ಅವನು ಅದನ್ನು ನೋಡಿ ಮಡಚಿ ನನ್ನ ಕೈಯಲ್ಲೇ ಇಟ್ಟ. “ಮನಿಷ್ಯಾ ಮಕ್ಕೊಂಡಾಗ ಅಂವನ ಕಿಸೆಕ್ಕ ಕೈ ಹಾಕಬಾರದು” ಎಂದ. ಸಿಟ್ಟಿನ ದನಿ ಇರಲಿಲ್ಲ. ನಾನು ಆ ಚಿತ್ರವನ್ನು ಅಳಿಸಿದೆ. ಮತ್ತೆ ಒಂದು ತಿಂಗಳು ಆ ಪೇಟೆಗೆ ಹೋಗಲು ಕಾಲು ಏಳಲಿಲ್ಲ. ಹೋದಾಗ ಅವನೇ ಕರೆದು, ಹಮಾಲರ ಹಿತ್ತಾಳೆ ಬಿಲ್ಲೆ ತೋಳಿಗೆ ಕಟ್ಟಿಕೊಂಡು, ಚೀಲಗಳ ಮುಂದೆ ನೆಟ್ಟಗೆ ನಿಂತ.

ನಿಪ್ಪಾಣಿಯಲ್ಲಿ ಬೇಡ ಎನ್ನುವವರೇ ಹೆಚ್ಚು, ಅದರಲ್ಲೂ ತಂಬಾಕಿನ ಕೆಲಸದ ಹೆಣ್ಣುಮಕ್ಕಳು. ಜರಡಿ ಹಿಡಿಯುವಾಗ ಏಳುವ ದೂಳಿಗೆ ಮೂಗು ಬಾಯಿ ಮುಚ್ಚುವಂತೆ ಸೆರಗು ಬಿಗಿದಿರುತ್ತಾರೆ, ಕಣ್ಣು ಮಾತ್ರ ಕಾಣುತ್ತವೆ. ಕ್ಯಾಮೆರಾ ಕಂಡರೆ ಅಂಗೈ ಅಡ್ಡ ಬರುತ್ತದೆ. ಅಂಗೈ ಅಡ್ಡ ಬಂದರೆ ನನ್ನ ಮಟ್ಟಿಗೆ ಮಾತು ಮುಗಿಯಿತು, ಎರಡನೇ ಸಲ ಕೇಳುವುದಿಲ್ಲ. ಆದರೂ ಈ ಊರು ತನ್ನ ಮುಖವನ್ನು ತಾನೇ ತೋರಿಸಿದ್ದುಂಟು. 1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಮಂದಿ ಸತ್ತರು. ಅದೇ ಕಾಲಕ್ಕೆ ತಂಬಾಕಿನ ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದರು. ಅವರ ಕಥೆಯನ್ನು ‘ಯುಗಾಂತರ’ ಎಂಬ ಚಿತ್ರ ಬಳಗ 1982ರಲ್ಲಿ ಸಿನಿಮಾ ಮಾಡಿತು. ‘ತಂಬಾಕೂ ಚಾಕೀಲಾ ಊಬ ಆಲಿ’ ಅದರ ಹೆಸರು. ದೀಪಾ ಧನರಾಜ್ ನಿರ್ದೇಶನ, ನವರೋಜ್ ಕಾಂಟ್ರಾಕ್ಟರ್ ಕ್ಯಾಮೆರಾ. ಬಳಗದವರು ಆ ಹೆಂಗಸರ ಜೊತೆ ಇದ್ದು, ಅವರ ಮಾತು ಕೇಳಿ, ಏನನ್ನು ತೋರಿಸಬೇಕೆಂದು ಅವರೊಂದಿಗೇ ಕೂತು ಗೊತ್ತುಮಾಡಿಕೊಂಡರು. ನಡೆದ ಸಂಗತಿಗಳನ್ನು ಆ ಹೆಂಗಸರೇ ಕ್ಯಾಮೆರಾದ ಮುಂದೆ ಮತ್ತೆ ನಡೆಸಿ ತೋರಿಸಿದರು. ಚಿತ್ರ ಮುಗಿದ ಮೇಲೆ ಅದನ್ನು ದುಡಿಯುವ ಹೆಣ್ಣುಮಕ್ಕಳ ನಡುವೆಯೇ ತೋರಿಸುತ್ತ ಹೋದರು. ಬೀದಿಯಲ್ಲಿ ಮುಖ ತೆಗೆಯುವ ಯಾರಿಗೇ ಆದರೂ ಇದಕ್ಕಿಂತ ದೊಡ್ಡ ಪಾಠಶಾಲೆ ನನಗೆ ಗೊತ್ತಿಲ್ಲ, ಮತ್ತು ಅದು ನಮ್ಮ ನಿಪ್ಪಾಣಿಯಲ್ಲಿ ನಡೆದಿದೆ ಎಂಬುದು ನನಗೆ ಹೆಮ್ಮೆ.

ಮೈಸೂರಿನ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ (1923–2009) ನನಗೆ ಇನ್ನೊಬ್ಬ ಗುರು. ಒಮ್ಮೆಯೂ ಭೇಟಿಯಾಗಲಿಲ್ಲ. ಅವರ ಆತ್ಮಕಥೆ ‘ಕಾಲಕ್ಕೆ ಕನ್ನಡಿ’ ನನ್ನ ಚೀಲದಲ್ಲಿ ಓಡಾಡಿ ಹಾಳೆ ಸಡಿಲಾಗಿದೆ. ದೊಡ್ಡವರನ್ನೆಲ್ಲ ತೆಗೆದವರು ಅವರು, ಆದರೂ ನಾನು ಮತ್ತೆ ಮತ್ತೆ ತಿರುವಿ ನೋಡುವುದು ಹೆಸರಿಲ್ಲದವರ ಚಿತ್ರಗಳನ್ನು. ಮಕ್ಕಳು, ಕೂಲಿಯವರು, ಜಾತ್ರೆಗೆ ಹೊರಟವರು. ಅವರಲ್ಲಿ ಯಾರೂ ಕ್ಯಾಮೆರಾಕ್ಕೆ ಹೆದರಿದಂತೆ ಕಾಣುವುದಿಲ್ಲ.

ಅಥಣಿಗೆ ಹೋದದ್ದು ಚಪ್ಪಲಿ ಮಾಡುವವರ ಮುಖಕ್ಕಾಗಿ. ಕೊಲ್ಹಾಪುರಿ ಎಂದು ಲೋಕ ಕರೆಯುವ ಚಪ್ಪಲಿಯಲ್ಲಿ ಬಹಳಷ್ಟು ಅಥಣಿ, ಮದಭಾವಿ, ನಿಪ್ಪಾಣಿಗಳ ಸಮಗಾರರ ಮನೆಗಳಲ್ಲಿ ಹುಟ್ಟುತ್ತದೆ. 2019ರಲ್ಲಿ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಸೇರಿಸಿ ಇದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಬಂತು. ನಮ್ಮ ಬೆಳಗಾವಿ ಜಿಲ್ಲೆ ಅದರಲ್ಲೊಂದು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದಮಾಡಿದ ತೊಗಲು, ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ನಾನು ಹೋದ ಮನೆಯಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದಳು, ಎಳೆ ದಪ್ಪ ನೂಲಿಗಿಂತ ಸ್ವಲ್ಪ ಹೆಚ್ಚು ಅಗಲ. ಗಂಡ ಅಟ್ಟೆಯ ಮೇಲೆ ಕಲ್ಲಿನಿಂದ ಬಡಿಯುತ್ತಿದ್ದ. ನಾನು ಒಳಗೆ ಕಾಲಿಟ್ಟಾಗ ಅವನು ತಲೆ ಎತ್ತಲಿಲ್ಲ, ನನ್ನ ಕಾಲು ನೋಡಿದ. “ಬಲಗಾಲ ತುಸು ಹೊರಗ ಹಾಕತೀರಿ ನೀವು” ಎಂದ. ನಲವತ್ತು ವರ್ಷ ನನ್ನ ಕಾಲಮೇಲೆ ನಡೆದ ನನಗೆ ಅದು ಗೊತ್ತಿರಲಿಲ್ಲ. ಗಿರಾಕಿಗಳ ಮುಖ ಅವನಿಗೆ ಮರೆಯುತ್ತದಂತೆ, ಪಾದ ಮರೆಯುವುದಿಲ್ಲವಂತೆ. ಹೆಬ್ಬೆರಳಿನ ಉಂಗುರದ ಸವೆತ ನೋಡಿ ಇಂಥವರ ಜೋಡು ಎಂದು ಹೇಳಬಲ್ಲ.

ಅವನ ಮುಖವನ್ನು ಹತ್ತಿರದಿಂದ ತೆಗೆದೆ, ಕೈಗಳನ್ನು ಇನ್ನೂ ಹತ್ತಿರದಿಂದ. ಅವನು ಸುಮ್ಮನೆ ತೆಗೆಸಿಕೊಂಡ. ಆಮೇಲೆ ಎದ್ದು ಅಂಗಿ ಬದಲಿಸಿ, ತಾನೇ ಮಾಡಿದ ಹೊಸ ಜೋಡು ಮೆಟ್ಟಿ ಹೊಸ್ತಿಲಲ್ಲಿ ನಿಂತು, “ಈಗ ಕಾಲತನಾ ತಗೀರಿ” ಎಂದ. ಹಿಂದೆ ಸರಿದು ಸರಿದು ನಾನು ಎದುರಿನ ಮನೆಯ ಗೋಡೆಗೆ ಬೆನ್ನು ಹಚ್ಚಿದೆ. ಚಿಕ್ಕೋಡಿಯ ಅಜ್ಜಿಯ ಪ್ರಶ್ನೆ ಆ ಗೋಡೆಯ ಹತ್ತಿರ ನನಗೆ ಮೈಗಂಟಿತು. ಚಪ್ಪಲಿ ಮಾಡುವವನ ಚಿತ್ರದಲ್ಲಿ ಪಾದ ಇಲ್ಲದಿದ್ದರೆ ಅದು ಯಾರ ಚಿತ್ರ? ಮುಂದೆ 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾಡಾ ಕಂಪನಿ ಇದೇ ರೂಪದ ಚಪ್ಪಲಿ ತೋರಿಸಿತು. ಎಲ್ಲಿಯದು, ಯಾರ ಕಸುಬು ಎಂಬ ಮಾತು ಮೊದಲಿಗೆ ಇರಲಿಲ್ಲ. ಕೂಗೆದ್ದ ಮೇಲೆ ಭಾರತದ ಕೈಕಸುಬಿನ ಪ್ರೇರಣೆಯೆಂದು ಒಪ್ಪಿಕೊಂಡರು. ಅಲ್ಲಿ ಪಾದರಕ್ಷೆ ಇತ್ತು, ಮಾಡಿದವನ ಮುಖ ಇರಲಿಲ್ಲ. ನನ್ನ ಹಳೆಯ ಚಿತ್ರಗಳಲ್ಲಿ ಮುಖ ಇದೆ, ಪಾದ ಇಲ್ಲ. ಎರಡೂ ಕತ್ತರಿಸಿದ ಚಿತ್ರಗಳೇ.

ಪೂರ್ತಿ ನಿಲ್ಲುವ ಈ ಆಸೆ ಹಳೆಯ ಸ್ಟುಡಿಯೊಗಳಿಂದ ಬಂದಿರಬಹುದು. ನಮ್ಮ ಕಡೆಯ ಮನೆಗಳಲ್ಲಿ ಈಗಲೂ ಆ ಚಿತ್ರಗಳಿವೆ: ಹಿಂದೆ ಬಣ್ಣ ಬಳಿದ ಕಮಾನು, ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವು, ಗಂಡ ಕುರ್ಚಿಯಲ್ಲಿ, ಹೆಂಡತಿ ನಿಂತು. ಕೈಗಡಿಯಾರ ಕಾಣುವಂತೆ ಮುಂಗೈ ತಿರುಗಿಸಿರುತ್ತಾರೆ. ಜೀವಮಾನದಲ್ಲಿ ಒಂದೋ ಎರಡೋ ಸಲ ತೆಗೆಸಿಕೊಳ್ಳುವ ಚಿತ್ರದಲ್ಲಿ ಇದ್ದದ್ದೆಲ್ಲ ಬರಬೇಕು. ಮುದುಕರು ಇನ್ನೊಂದನ್ನೂ ಸಂಕೋಚವಿಲ್ಲದೆ ಹೇಳುತ್ತಾರೆ: “ನಾಳೆ ಗ್ವಾಡಿಗೆ ಹಾಕಾಕ ಒಂದ ಛಲೋ ಫೋಟೋ ಬೇಕಲ್ಲ.” ಹಾರ ಬೀಳುವ ಚಿತ್ರಕ್ಕೆ ಈಗಲೇ ತಯಾರಿ. ಇಲ್ಲದಿದ್ದರೆ ಮಕ್ಕಳು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾಕುತ್ತಾರೆ ಎಂಬ ಚಿಂತೆ. ಚಿಕ್ಕೋಡಿಯ ಅಜ್ಜಿಗೆ ನಾನು ಎರಡು ಪ್ರತಿ ಒಯ್ದಿದ್ದೆ. ಒಂದರಲ್ಲಿ ಅವಳು ಪಕ್ಕದವಳ ಮಾತಿಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು, ನನಗೆ ಪ್ರಾಣವಾದ ಚಿತ್ರ. ಇನ್ನೊಂದು ಎರಡನೇ ಸಲ ಕಾಲು ಸಹಿತ ತೆಗೆದ ಬಿಗಿದ ಚಿತ್ರ. ನಗುವುದನ್ನು ನನಗೇ ತಿರುಗಿಸಿದಳು. “ಇದು ನಿಂದು, ಇದು ನಂದು” ಎಂದಳು. ಅವತ್ತಿನಿಂದ ಪ್ರತಿಯೊಬ್ಬರದೂ ಎರಡು ತೆಗೆಯುತ್ತೇನೆ, ನನ್ನದೊಂದು, ಅವರದೊಂದು. ಅವರದನ್ನು ಮೊದಲು ತೆಗೆಯುತ್ತೇನೆ.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ಮಾಘದಲ್ಲಿ. ಮಹಾರಾಷ್ಟ್ರದಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಾರೆ. “ಚಾಂಗಭಲೋ” ಎಂದು ಭಂಡಾರ ತೂರಿದರೆ ಒಂದು ಗಳಿಗೆ ಮುಖಗಳೆಲ್ಲ ಒಂದೇ ಬಣ್ಣ. ಅಲ್ಲಿ ಯಾರೂ ಮಾರಿ ತೊಳೆಯಲು ಹೋಗುವುದಿಲ್ಲ, ಭಂಡಾರವೇ ತೊಳೆದಂತೆ. ಮೂರು ವರ್ಷದ ಹಿಂದಿನ ಅರಿಷಿಣ ಪುಡಿ ನನ್ನ ಲೆನ್ಸಿನ ಉಂಗುರದ ಸಂದಿಯಲ್ಲಿ ಇನ್ನೂ ಇದೆ. ಒರೆಸಿ ತೆಗೆಯಲು ಮನಸ್ಸಾಗಿಲ್ಲ.

ಸಂತೆಯವರಿಗೆ ಪ್ರತಿ ಮುಟ್ಟಿಸುವುದು ಕಷ್ಟವಲ್ಲ, ಮುಂದಿನ ವಾರ ಅದೇ ಗೋಣಿಚೀಲದ ಮೇಲೆ ಅವರು ಇದ್ದೇ ಇರುತ್ತಾರೆ. ಕಷ್ಟವಾದದ್ದು ಕಬ್ಬು ಕಡಿಯುವವರದು. ಕಾಗವಾಡ, ಉಗಾರದ ಸುತ್ತ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಟೋಳಿಗಳು ಬರುತ್ತವೆ. ಗಂಡಹೆಂಡತಿ ಸೇರಿ ಒಂದು ‘ಕೊಯತಾ’. ಹಾಗೆಯೇ ಲೆಕ್ಕ, ಇಬ್ಬರಿಗೆ ಸೇರಿ ಕುಡುಗೋಲಿನ ಒಂದೇ ಹೆಸರು. ಹೊಲದ ಬದಿಗೆ ಗುಡಿಸಲು, ನಸುಕಿಗೆ ಕಡಿತ, ಈ ಹೊಲ ಮುಗಿದರೆ ಇನ್ನೊಂದು. ಒಂದು ಸಂಜೆ ಒಂದು ಟೋಳಿಯ ಏಳು ಜನರನ್ನು ಒಟ್ಟಿಗೆ ನಿಲ್ಲಿಸಿ ತೆಗೆದೆ, ಕಾಲತನಕ. ಬೂದಿಯಾದ ಪಾದಗಳು, ಒಬ್ಬಳ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಿತ್ತು. “ಆಮ್ಹಾಲಾ ದೇಣಾರ ಕಾ?” ಎಂದು ಕೇಳಿದಳು. ಕೊಡುತ್ತೇನೆ ಎಂದೆ. ಎರಡು ವಾರ ಬಿಟ್ಟು ಪ್ರತಿ ಹಿಡಿದು ಹೋದರೆ ಹೊಲ ಬೋಳಾಗಿತ್ತು, ಗುಡಿಸಲಿನ ಜಾಗದಲ್ಲಿ ಮೂರು ಕಲ್ಲಿನ ಒಲೆ ಮಾತ್ರ.

ಆ ಹಂಗಾಮು ಪೂರ್ತಿ ಹುಡುಕಿದೆ. ಮುಂದಿನ ಹಂಗಾಮಿಗೂ ಆ ಚಿತ್ರ ನನ್ನ ಚೀಲದಲ್ಲೇ ಇತ್ತು. ಟ್ರ್ಯಾಕ್ಟರ್ ನಿಂತಲ್ಲಿ, ಗಾಡಿ ನಿಂತಲ್ಲಿ ತೋರಿಸುತ್ತ ಹೋದೆ. ಕೈಯಿಂದ ಕೈಗೆ ಹೋಗಿ ಅದರ ಅಂಚಿಗೆ ಕಬ್ಬಿನ ಅಂಟು ಹತ್ತಿತು, ಒಂದು ಮೂಲೆಗೆ ಹೆಬ್ಬೆಟ್ಟಿನ ಗುರುತು ಕೂತಿತು. ಕೊನೆಗೆ ಉಗಾರದ ಹತ್ತಿರದ ಒಂದು ಹೊಲದಲ್ಲಿ ರವದಿ ಒಟ್ಟುತ್ತಿದ್ದ ಹೆಣ್ಣುಮಗಳೊಬ್ಬಳು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿದವಳ ಮೇಲೆ ಬೆರಳಿಟ್ಟಳು. ತಮ್ಮ ಊರ ಕಡೆಯವರು, ಈ ವರ್ಷ ಬೇರೆ ಕಾರ್ಖಾನೆಗೆ ಹೋಗಿದ್ದಾರೆ, ಹಂಗಾಮು ಮುಗಿದ ಮೇಲೆ ಮುಟ್ಟಿಸುತ್ತೇನೆ ಎಂದಳು. ಗುಡಿಸಲಿಗೆ ಹೋಗಿ ತಗಡಿನ ಟ್ರಂಕು ತೆರೆದು, ಮಡಚಿಟ್ಟ ಸೀರೆಯ ಪದರಿನಲ್ಲಿ ಅದನ್ನು ಇಟ್ಟು ಮುಚ್ಚಿದಳು.

ತಿರುಗಿ ಬಂದು ನನ್ನ ಕ್ಯಾಮೆರಾ ನೋಡಿದಳು. ಆಮೇಲೆ ಕಬ್ಬಿನ ಸಾಲಿನಲ್ಲಿ ಆಡುತ್ತಿದ್ದ ಮಕ್ಕಳಿಬ್ಬರ ಕಡೆ ತಿರುಗಿ, “ತೋಂಡ ಧುವೂನ ಯಾ ರೇ!” ಎಂದು ಕೂಗಿದಳು, ಮಾರಿ ತೊಳಕೊಂಡ ಬರ್ರಿ ಎಂದು. ಮಕ್ಕಳು ನೀರಿನ ಪೈಪು ಇದ್ದ ಕಡೆ ಓಡಿದರು. ಅವಳೂ ಕುಡುಗೋಲು ಕೆಳಗಿಟ್ಟು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚುತ್ತ ಅವರ ಹಿಂದೆ ಹೋದಳು. ಬಿಸಿಲು ಕಬ್ಬಿನ ಸುಳಿಯ ಮಟ್ಟಕ್ಕೆ ಇಳಿಯುತ್ತಿತ್ತು. ಅವರು ಬರುವಷ್ಟರಲ್ಲಿ ಬೆಳಕು ಇನ್ನೂ ಸ್ವಲ್ಪ ಇಳಿಯುತ್ತದೆ. ನಾನು ಬದುವಿನ ತನಕ ಹಿಂದೆ ಸರಿದು, ಮೂವರೂ ಪಾದಸಹಿತ ಹಿಡಿಯುವಷ್ಟು ಜಾಗ ಇದೆಯೇ ಎಂದು ಕ್ಯಾಮೆರಾದಲ್ಲಿ ನೋಡಿಕೊಂಡು ಕಾಯುತ್ತ ನಿಂತೆ.